ಮನೆಪತ್ರದ ಮೂರನೇ ಕಲಮು

ಮನೆಸಾಲ ರೀಫೈನಾನ್ಸ್ ಮಾಡಿಸೋಣವೆಂದು ಕಳೆದ ತಿಂಗಳು ಮನೆಪತ್ರಗಳ ಕಟ್ಟು ಬಿಚ್ಚಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಈ ಮನೆ ಕೊಂಡು ಹತ್ತೊಂಬತ್ತು ವರ್ಷವಾದರೂ ಸಹಿ ಹಾಕುವ ಜಾಗ ಬಿಟ್ಟು ಬೇರೇನೂ ಓದಿರಲಿಲ್ಲ. ತಳದಲ್ಲಿ 1930ರ ದಶಕದ ಬಡಾವಣೆ ಕರಾರಿನ ಜೆರಾಕ್ಸ್ ಇತ್ತು. ಕೋಳಿ ಸಾಕಬಾರದು. ಬೇಲಿ ಇಷ್ಟೇ ಎತ್ತರವಿರಬೇಕು. ಮೂರನೆಯದು, ಕಾಕೇಸಿಯನ್, ಅಂದರೆ ಬಿಳಿಯ, ಜನಾಂಗದವರಲ್ಲದವರು ಇಲ್ಲಿ ವಾಸಿಸಕೂಡದು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ.

ನನ್ನಾಕೆಗೆ ಓದಿ ಹೇಳಿದೆ. ಒಗ್ಗರಣೆ ಸೌಟು ಕೆಳಗಿಟ್ಟು, "ಹಂಗಾದ್ರೆ ನಾನಿರಬಹುದು, ನೀವು ಹೊರಡಿ" ಎಂದಳು.

ಆ ಸಾಲಿಗೆ ಈಗ ಬೆಲೆಯಿಲ್ಲ. ಇಲ್ಲದಂತೆ ಮಾಡಿದ್ದು ನಮ್ಮ ಸೇಂಟ್ ಲೂಯಿಸ್‌ನದೇ ಒಂದು ಕುಟುಂಬ. ಮಿಸಿಸಿಪ್ಪಿಯಿಂದ ಬಂದಿದ್ದ ಕಪ್ಪು ದಂಪತಿ, ಜೆ. ಡಿ. ಶೆಲ್ಲಿ ಮತ್ತು ಎಥೆಲ್ ಶೆಲ್ಲಿ, 1945ರಲ್ಲಿ ಲಬಾಡಿ ಅವೆನ್ಯೂನ 4600ನೇ ನಂಬರಿನ ಮನೆ ಕೊಂಡರು. ಆರು ಮಕ್ಕಳ ಸಂಸಾರ. "ನೀಗ್ರೋ ಅಥವಾ ಮಂಗೋಲಿಯನ್" ಜನಾಂಗದವರು ಮಾಲೀಕರಾಗಿಯಾಗಲಿ ಬಾಡಿಗೆಗಾಗಲಿ ಇರಕೂಡದೆಂದು ಆ ಬೀದಿಯವರು 1911ರಲ್ಲೇ ಐವತ್ತು ವರ್ಷಕ್ಕೆ ಕರಾರು ಬರೆದುಕೊಂಡಿದ್ದು ಇವರಿಗೆ ಗೊತ್ತೇ ಇರಲಿಲ್ಲ. ಕರಾರಿನವರು ಕೋರ್ಟಿಗೆ ಹೋದರು. ನಮ್ಮ ರಾಜ್ಯ ಮಿಸ್ಸೂರಿಯ ಸುಪ್ರೀಂ ಕೋರ್ಟು ಕರಾರಿನ ಪರ ನಿಂತಿತು. ದಿಲ್ಲಿಯ ಹಾಗೆ ಇಲ್ಲಿ ಮೇಲಿನದು ವಾಷಿಂಗ್ಟನ್. ಅಲ್ಲಿನ ಕೋರ್ಟು 1948ರ ಮೇ 3ರಂದು ಶೆಲ್ಲಿಯವರ ಕಡೆ ತೀರ್ಪು ಕೊಟ್ಟಿತು. ಆಗಲೂ ಕರಾರು ಬರೆದುಕೊಳ್ಳುವುದೇ ತಪ್ಪೆನ್ನಲಿಲ್ಲ, ಅದನ್ನು ಜಾರಿ ಮಾಡಿಸಲು ಕೋರ್ಟಿಗೆ ಬರಬೇಡಿ ಎಂದಿತು, ಅಷ್ಟೇ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ಕಾರಣ ಹೇಳದೆ ವಿಚಾರಣೆಯಿಂದ ಹಿಂದೆ ಸರಿದರು. (ಅವರೂ ತಮ್ಮ ಮನೆಪತ್ರ ತೆಗೆದು ನೋಡಿದ್ದರೋ ಏನೋ.) ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ.

ನಾವು ಬಂದದ್ದು ಇದೆಲ್ಲ ಮುಗಿದ ಮೇಲೆ. ಸ್ಕೂಲ್ ರೇಟಿಂಗ್ ನೋಡಿ, ಬೇಕಾದ ಕಡೆ ಮನೆ ಹಿಡಿದೆವು. ಹೊಸಬರು ಕೇಳಿದರೆ "ಡೆಲ್ಮಾರ್ ರಸ್ತೆಯಿಂದ ಉತ್ತರಕ್ಕೆ ಬೇಡ" ಎನ್ನುತ್ತೇವೆ. ಆ ಕಡೆ ಕಪ್ಪು ಜನರ ಬಡ ಕೇರಿಗಳಾದದ್ದು ತಾನಾಗಿ ಅಲ್ಲ. 1930ರ ದಶಕದ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪಿದ್ದ ಕಡೆ ಸಾಲ ಹುಟ್ಟಲಿಲ್ಲ. ಅಜ್ಜನ ಕಾಲದ ಒಂದು ಸೈಟು ಇರುವುದಕ್ಕೂ ಇಲ್ಲದಿರುವುದಕ್ಕೂ ಮೊಮ್ಮಕ್ಕಳ ಬದುಕಿನಲ್ಲಿ ಏನು ವ್ಯತ್ಯಾಸವೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ನಾವು ಕಾಕೇಸಿಯನ್ನರೇ? ಪಂಜಾಬಿನಿಂದ ಬಂದು ಇಲ್ಲಿನ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ 1923ರಲ್ಲಿ ಇದೇ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಅವರು ಸೋತದ್ದಕ್ಕಿಂತ ಅವರ ಪರ ಹೂಡಿದ ವಾದವೇ ನನ್ನನ್ನು ಚುಚ್ಚುತ್ತದೆ: ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ. ಕಪ್ಪು ಜನರ ಪಕ್ಕದಲ್ಲಿ ನಿಂತಲ್ಲ, ಒಂದು ಮೆಟ್ಟಿಲು ಮೇಲೆ ನಿಂತು ಪೌರತ್ವ ಕೇಳಿದ್ದು.

ಥಿಂಡ್ ಅವರನ್ನು ಆಡಿಕೊಳ್ಳುವ ಬಾಯಿ ನನಗಿಲ್ಲ. ಹೋದ ವರ್ಷ ಮೈಸೂರಿನ ನಮ್ಮ ಮನೆ ಖಾಲಿಯಾಗಿತ್ತು. ಬ್ರೋಕರ್ ಫೋನ್ ಮಾಡಿ, "ಸಾರ್, ಗಂಡ ಹೆಂಡ್ತಿ ಇಬ್ರೂ ಟೀಚರ್ಸು, ಅಡ್ವಾನ್ಸ್ ರೆಡಿ ಇದೆ. ಆದ್ರೆ ನಿಮ್ಮ ಪೈಕಿ ಅಲ್ಲ, ನೋಡಿ" ಎಂದ. ಕೊಡಪ್ಪ ಅನ್ನಬಹುದಿತ್ತು. "ಅಮ್ಮನ್ನ ಒಂದ್ಮಾತು ಕೇಳಿ ಹೇಳ್ತೀನಿ" ಅಂದೆ. ಮರುದಿನ ಫೋನ್ ಮಾಡುವಷ್ಟರಲ್ಲಿ ಅವರು ಬೇರೆ ಮನೆ ನೋಡಿಕೊಂಡಿದ್ದರು.

ಇಲ್ಲಿನ ಸ್ವಾತಂತ್ರ್ಯ ದಿನ, ಜುಲೈ 4ರ ನಮ್ಮ ಕನ್ನಡಿಗರ ಪಿಕ್ನಿಕ್ ಎಂದಿನಂತೆ ಹನ್ನೊಂದಕ್ಕೆ; ಚಿತ್ರಾನ್ನದ ಜವಾಬ್ದಾರಿ ಈ ಸಲ ಯುವ ಬಳಗದ್ದು. ಅದಕ್ಕೂ ಮುಂಚೆ, ಒಂಬತ್ತೂವರೆಗೆ, ನಾನು ಲಬಾಡಿ ಅವೆನ್ಯೂಗೆ ಹೋಗುತ್ತಿದ್ದೇನೆ. ರಸ್ತೆಯಲ್ಲೇ ನಿಂತು ನೋಡಿ ಬರುವುದು. ಕಾರಿನಲ್ಲಿ ಇನ್ನೂ ಮೂವರಿಗೆ ಜಾಗವಿದೆ.