ಮಾಜಿ ಸೈನಿಕರ ತಟ್ಟೆಯಲ್ಲಿ ಅನ್ನ ಕಡಿಮೆಯಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ಮಾಜಿ ಸೈನಿಕರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಮಾತ್ರೆ ಸಿಗುತ್ತದೆ. ಅದು ಬರುವ ಮೊದಲು ಊಟದ ಬಗ್ಗೆ ಕೂರಿಸಿ ಹೇಳುವವರು ಯಾರೂ ಇಲ್ಲ. ನಿವೃತ್ತ ಹವಾಲ್ದಾರರೊಬ್ಬರ ಹೆಂಡತಿಯಾಗಿ, ದಿನಾ ಅನ್ನ ಬಡಿಸುವವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಜವಾನರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಪಿಂಚಣಿ ಮೇಲೆ ಊರಿಗೆ ಬರುತ್ತಾರೆ. ಅಲ್ಲಿವರೆಗೆ ಬೆಳಗಾದರೆ ಪಿಟಿ, ಬಿಪಿಇಟಿ ಎಂಬ ಸೇನೆಯ ದೈಹಿಕ ಪರೀಕ್ಷೆಯ 5 ಕಿಲೋಮೀಟರ್ ಓಟ, ಬೆಟ್ಟದ ಮೇಲಿನ ಡ್ಯೂಟಿ. ಊರಿಗೆ ಬಂದರೆ ಬ್ಯಾಂಕಿನ ಬಾಗಿಲಲ್ಲೋ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ಸೆಕ್ಯುರಿಟಿ ಕೆಲಸ, ಕುರ್ಚಿಯಲ್ಲೇ ರಾತ್ರಿ ಪಾಳಿ. ಓಟ ನಿಂತಿತು, ಊಟದ ಅಳತೆ ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ನಾವು ಹೆಂಗಸರು, ಇಷ್ಟು ವರ್ಷ ಮನೆ ಊಟ ಸಿಗದವರು ಅಂತ ಪ್ರೀತಿಯಿಂದ ಇನ್ನೊಂದು ಸೌಟು ಹಾಕುತ್ತೇವೆ.

ನಮ್ಮ ಕಡೆಯ ಊಟ ನೋಡಿ. ಬೆಳಿಗ್ಗೆ ನೀರುದೋಸೆ, ಹತ್ತು ಗಂಟೆಗೆ ಗೋಳಿಬಜೆ ಅಥವಾ ಬನ್ಸ್, ಜೊತೆಗೆ ಸಿಹಿ ಚಾ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ರಾಶಿ, ಬದಿಗೆ ಒಂದು ಬಂಗುಡೆ, ಚೂರು ಪಲ್ಯ. ರಾತ್ರಿ ಮತ್ತೆ ಗಂಜಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಹೊಟ್ಟೆ ತುಂಬಿಸುವುದು ಅಕ್ಕಿ ಮತ್ತು ಮೈದಾ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗುವ ಅಂಶ ಇದೆ. ಮೀನಿನಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಅಧ್ಯಯನದ 2025ರ ವರದಿಯಂತೆ ಭಾರತೀಯರಿಗೆ ಊಟದಿಂದ ಸಿಗುವ ಶಕ್ತಿಯಲ್ಲಿ ಶೇ. 62 ಬರುವುದು ಕಾರ್ಬೋಹೈಡ್ರೇಟಿನಿಂದ. ಅನ್ನ ಬಿಟ್ಟು ಗೋಧಿಗೋ ಸಿರಿಧಾನ್ಯಕ್ಕೋ ಹೋದರೆ ಮಾತ್ರ ಸಾಲದು, ಒಟ್ಟು ಪ್ರಮಾಣವೇ ಇಳಿಯಬೇಕು ಎಂಬುದೂ ಅದರಲ್ಲಿದೆ. ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುವವರು ಇದನ್ನು ಗಮನಿಸಬೇಕು. ಕುಚ್ಚಲಕ್ಕಿ ಒಳ್ಳೆಯದು ಅಂತ ಎರಡು ತಟ್ಟೆ ಉಣ್ಣುವವರೂ ಅಷ್ಟೇ.

ನಮ್ಮವರ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆಯ ಮುನ್ಸೂಚನೆ. ನಾವು ತೋರಿಸಿದ ಆಸ್ಪತ್ರೆಯಲ್ಲಿ "ಅನ್ನ ಕಡಿಮೆ ಮಾಡಿ" ಅಂದು ಮುಂದಿನ ರೋಗಿಯನ್ನು ಕರೆದರು. ಕಡಿಮೆ ಮಾಡಿದ ಜಾಗಕ್ಕೆ ಏನು ಹಾಕಬೇಕು? ಅದನ್ನು ಹೇಳದಿದ್ದರೆ ಸಂಜೆ ಹಸಿವಾಗಿ ಬಿಸ್ಕತ್ತಿನ ಪ್ಯಾಕೆಟ್ ಖಾಲಿಯಾಗುತ್ತದೆ, ಅಲ್ವಾ?

ನಮ್ಮ ಮನೆಯಲ್ಲಿ ಈಗ ತಟ್ಟೆಗೆ ಮೊದಲು ಬೀಳುವುದು ಪಲ್ಯ. ಹರಿವೆ, ತೊಂಡೆಕಾಯಿ, ಅಲಸಂಡೆ, ಯಾವುದಾದರೂ ಸರಿ, ಅರ್ಧ ತಟ್ಟೆ ತುಂಬಬೇಕು. ಆಮೇಲೆ ಎರಡು ಬಂಗುಡೆ, ಇಲ್ಲವೇ ಬೂತಾಯಿ ಪುಳಿಮುಂಚಿ. ಕೊನೆಗೆ ಒಂದು ಸೌಟು ಅನ್ನ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ 61 ದಿನ ರಜೆ, ಮೀನಿನ ಬೆಲೆ ಮುಟ್ಟುವ ಹಾಗಿಲ್ಲ. ಆಗ ಮೊಟ್ಟೆ, ಕಡಲೆ, ಮೊಳಕೆ ಬರಿಸಿದ ಹೆಸರು. ಚಾ ಸಕ್ಕರೆ ಇಲ್ಲದೆ. ಮೊದಮೊದಲು ಇವರ ಮುಖ ಸಣ್ಣದಾಗುತ್ತಿತ್ತು, ಈಗ ಅಭ್ಯಾಸವಾಗಿದೆ. ಪ್ಯಾಂಟಿನ ಸೊಂಟ ಸಡಿಲವಾಗಿದೆ, ಮುಂದಿನ ಪರೀಕ್ಷೆಯಲ್ಲಿ 5.6 ಬಂತು.

ತೂಕ ಇಳಿದರೆ ಕಾಯಿಲೆ ದೂರ ಹೋಗುತ್ತದೆ ಎಂಬುದು ಹೊಸ ಮಾತಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಶೇ. 7 ತೂಕ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಕಡಿಮೆಯಾದದ್ದು ಶೇ. 31. ಅಲ್ಲಿ ಹೇಳಿದ್ದು ಕೊಬ್ಬು ಕಡಿಮೆ ಮಾಡುವ ಊಟ. ಆದರೆ ತಟ್ಟೆ ತುಂಬ ಅನ್ನವೇ ಇರುವ ನಮಗೆ ಅನ್ನದಿಂದ ಶುರು ಮಾಡುವುದೇ ಸುಲಭ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಬರುವ ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ಅಲ್ಲಿನ ಇಲಾಖೆ ತೂಕ ಇಳಿಸಲೆಂದೇ 'ಮೂವ್' ಎಂಬ ಕಾರ್ಯಕ್ರಮ ನಡೆಸುತ್ತದೆ. ನಮ್ಮಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ 2003ರಿಂದ ಇದೆ, ಪಾಲಿಕ್ಲಿನಿಕ್ ಇದೆ. ಮಾತ್ರೆಯ ಜೊತೆಗೆ ಊಟದ ಪಾಠವೂ ಅಲ್ಲೇ ಸಿಗಬೇಕು. ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ನಾವು ತಿನ್ನುವ ಮೀನು-ಪಲ್ಯದ ಹೆಸರು ಹಿಡಿದು ಹೇಳಬೇಕು. ಓಟ್ಸ್, ಬ್ರೊಕೊಲಿ ಬರೆದ ಚೀಟಿ ನಮಗೆ ಬೇಡ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಸುಮ್ನೆ ಅನ್ನ ಬಿಟ್ಟರೆ ಸಕ್ಕರೆ ಅಂಶ ಕುಸಿದು ತಲೆ ತಿರುಗಿ ಬೀಳಬಹುದು. ಮೊದಲು ಡಾಕ್ಟರ ಹತ್ತಿರ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ಕಿಡ್ನಿ ತೊಂದರೆ ಇರುವವರು ಮೀನು, ಮೊಟ್ಟೆ ಜಾಸ್ತಿ ಮಾಡುವ ಮುಂಚೆಯೂ ಕೇಳಬೇಕು.

ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಮಾಜಿ ಸೈನಿಕರು ಹೇಗೂ ಒಟ್ಟಾಗುತ್ತಾರೆ. ಹೂಗುಚ್ಛ ಇಟ್ಟ ಮೇಲೆ ಅಲ್ಲೇ ಒಂದು ಮೇಜು ಹಾಕಿ ಸೊಂಟದ ಸುತ್ತಳತೆ, ರಕ್ತ ಪರೀಕ್ಷೆ ಮಾಡಿಸಲಿ ಎಂದು ಮಾಜಿ ಸೈನಿಕರ ಸಂಘದವರಲ್ಲಿ ಕೇಳಿಕೊಳ್ಳುತ್ತೇನೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಜಾಗ್ರತೆ ಬೇಕು. ಹೆಂಡತಿಯರನ್ನೂ ಕರೆಯಿರಿ. ಅದೇ ಅನ್ನ ಉಣ್ಣುವ ನಮ್ಮ ಅಳತೆಯೂ ಆಗಲಿ.

— ಮಾಜಿ ಸೈನಿಕರೊಬ್ಬರ ಪತ್ನಿ, ಕಾಪು, ಉಡುಪಿ ಜಿಲ್ಲೆ