ಅಪ್ಪಯ್ಯ, ನೀವು ಕೇಳಿದ ವಿವರವೆಲ್ಲ ಇದರಲ್ಲಿದೆ

ಸಿಡ್ನಿ, ಫೆಬ್ರುವರಿ

ತೀರ್ಥರೂಪು ಅಪ್ಪಯ್ಯನವರಿಗೂ ಅಮ್ಮನಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಡಿಕೆ ಕೊಯ್ಲು ಮುಗಿಯಿತೆಂದು ತಮ್ಮ ಹೇಳಿದ. ಅಮ್ಮನ ಮಂಡಿನೋವು ಹೇಗಿದೆ ಎಂದು ಮಾತ್ರ ಅವನು ಹೇಳುವುದೇ ಇಲ್ಲ, ಮರೆಯದೆ ತಿಳಿಸಿ.

ಮೊನ್ನೆ ಫೋನಿನಲ್ಲಿ ಅಮ್ಮ ನನ್ನ ಫೋಟೋ ನೋಡಿ ಗಾಬರಿಯಾಗಿದ್ದಳು. ‘ನೀರು ಬೀಳುವ ಜಾಗದಲ್ಲಿ ಹಗ್ಗಕ್ಕೆ ಜೋತುಬೀಳುವಂಥದ್ದು ನಿನಗೇನಿತ್ತು’ ಎಂದು ಕೇಳಿದಳು. ನೀವು ಮಾತ್ರ ‘ಎಲ್ಲ ವಿವರವಾಗಿ ಬರೆ, ಓದಿದ ಮೇಲೆ ಬೈಯಬೇಕೋ ಬೇಡವೋ ನೋಡೋಣ’ ಎಂದಿರಿ. ಅದಕ್ಕೇ ಈ ಪತ್ರ.

ನಾನು ಹೋಗಿದ್ದು ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲಿಗೆ. ಸಿಡ್ನಿಯಿಂದ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ. ಕಣ್ಣು ಹಾಯುವಷ್ಟು ದೂರ ನೀಲಗಿರಿ ಮರದ ಕಾಡು. ಆ ಎಲೆಗಳಿಂದ ಏಳುವ ಎಣ್ಣೆಯ ಆವಿಯಿಂದಾಗಿ ಬೆಟ್ಟಗಳು ದೂರಕ್ಕೆ ನೀಲಿಯಾಗಿ ಕಾಣುತ್ತವೆ ಎನ್ನುತ್ತಾರೆ. ಇಲ್ಲಿನ ಕಲ್ಲು ನಮ್ಮ ಘಟ್ಟದ ಕಲ್ಲಿನಂತೆ ಗಡುಸಲ್ಲ, ಮರಳುಗಲ್ಲು. ಅದರಲ್ಲಿ ನೇರವಾಗಿ ಮೇಲಿಂದ ಕೆಳಗೆ ಬಿರುಕುಗಳಿವೆ. ಹಳ್ಳದ ನೀರು ಆ ಬಿರುಕು ಹಿಡಿದು ಲಕ್ಷಾಂತರ ವರ್ಷ ಕೊರೆಯುತ್ತ ಇಳಿದು, ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಕಿರಿದಾದ ಕೊರಕಲುಗಳನ್ನು ಮಾಡಿಬಿಟ್ಟಿದೆ. ಆ ಕೊರಕಲಿನೊಳಗೆ ನೀರಿನ ದಾರಿಯಲ್ಲೇ ನಡೆದು, ಈಜಿ, ಜಾರಿ, ಹಗ್ಗ ಹಿಡಿದು ಇಳಿದು ಹೊರಬರುವುದಕ್ಕೆ ಕ್ಯಾನಿಯನಿಂಗ್ ಎನ್ನುತ್ತಾರೆ.

ಅಪ್ಪಯ್ಯ, ಮರಗಿಡದ ವಿಷಯ ಬಂದರೆ ನೀವು ಊಟ ಬಿಟ್ಟು ಕೇಳುತ್ತೀರಲ್ಲ, ಒಂದು ಸಂಗತಿ ಹೇಳುತ್ತೇನೆ. 1994ರಲ್ಲಿ ಡೇವಿಡ್ ನೋಬಲ್ ಎಂಬ ಅರಣ್ಯ ಸಿಬ್ಬಂದಿಯೊಬ್ಬರು ಇದೇ ಸೀಮೆಯ ವೊಲೆಮಿ ಕಾಡಿನಲ್ಲಿ ಗೆಳೆಯರೊಂದಿಗೆ ಹೀಗೆಯೇ ಒಂದು ಕೊರಕಲಿಗೆ ಇಳಿದರು. ಅಲ್ಲಿ ಅವರಿಗೆ ಗುರುತು ಸಿಗದ ಮರಗಳು ಕಂಡವು. ಪರಿಶೀಲಿಸಿದರೆ, ಅದುವರೆಗೆ ಬರೀ ಪಳೆಯುಳಿಕೆಗಳಿಂದ ಗೊತ್ತಿದ್ದ ಡೈನೋಸಾರ್ ಕಾಲದ ವಂಶದ ಮರ! ಈಗ ಅದಕ್ಕೆ ವೊಲೆಮಿ ಪೈನ್ ಎಂದು ಹೆಸರು. ಕಾಡಿನಲ್ಲಿ ಬೆಳೆದು ನಿಂತಿರುವ ಮರಗಳು ನೂರಕ್ಕೂ ಕಡಿಮೆ. ಆ ಜಾಗ ಎಲ್ಲಿದೆಯೆಂದು ಇಂದಿಗೂ ಹೊರಗೆ ಹೇಳುವುದಿಲ್ಲ. 2019–20ರ ದೊಡ್ಡ ಕಾಡ್ಗಿಚ್ಚಿನಲ್ಲಿ ಅಗ್ನಿಶಾಮಕ ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಇಳಿಸಿ ಆ ತೋಪನ್ನು ಉಳಿಸಿಕೊಂಡರು. ನಾನು ಇಳಿದದ್ದು ಆ ಕೊರಕಲಿಗಲ್ಲ. ಆದರೆ ಹಗ್ಗ ಹಿಡಿದು ಇಳಿಯುವವರು ಇರದಿದ್ದರೆ ಆ ಮರ ಇದೆಯೆಂದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದುಕೊಂಡಾಗ ಮೈ ಜುಂ ಎನ್ನುತ್ತದೆ.

ನಮ್ಮನ್ನು ಕರೆದೊಯ್ದದ್ದು ವೆಂಟ್‌ವರ್ತ್ ಫಾಲ್ಸ್ ಊರಿನ ಪಕ್ಕದ ಎಂಪ್ರೆಸ್ ಕ್ಯಾನಿಯನ್‌ಗೆ. ಹೊಸಬರಿಗೆ ಹೆಚ್ಚಾಗಿ ಇದನ್ನೇ ತೋರಿಸುತ್ತಾರೆ. ಗೈಡ್ ಒಬ್ಬಳು ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳಿರಬಹುದು. ಹೊರಡುವ ಮೊದಲು ಅವಳು ಈ ನೆಲದ ಮೂಲನಿವಾಸಿಗಳಾದ ಧರುಗ್ ಮತ್ತು ಗುಂಡುಂಗುರ್ರ ಜನರನ್ನು ನೆನೆದಳು. ಆಮೇಲೆ ಹವಾಮಾನದ ಮಾತು. ಬೆಳಿಗ್ಗೆ ತಾನು ಏನೇನು ನೋಡಿದ್ದೇನೆ, ಹಿಂದಿನ ದಿನ ಎಷ್ಟು ಮಳೆಯಾಗಿದೆ, ಮಧ್ಯಾಹ್ನ ಗುಡುಗಿನ ಸೂಚನೆ ಇದೆಯೇ, ಎಲ್ಲ ಹೇಳಿ, ‘ನೀರಿನ ಬಳಿ ಹೋದ ಮೇಲೂ ನನಗೆ ಸರಿಕಾಣದಿದ್ದರೆ ವಾಪಸು ಬರುತ್ತೇವೆ, ಯಾರೂ ಬೇಸರ ಮಾಡಿಕೊಳ್ಳಬಾರದು’ ಎಂದಳು. ಆ ಮಾತು ಕೇಳಿದ ಮೇಲೆಯೇ ನನಗೆ ಅವಳ ಮೇಲೆ ನಂಬಿಕೆ ಹುಟ್ಟಿದ್ದು. ಕಾಲುಸಂಕ ದಾಟುವ ಮುಂಚೆ ನೀವು ಹಳ್ಳದ ಮೇಲ್ದಿಕ್ಕಿನ ಮೋಡ ನೋಡಿ, ಎಷ್ಟೋ ಸಲ ನಮ್ಮನ್ನು ಶಾಲೆಗೆ ಕಳಿಸದೆ ಮನೆಗೆ ಕರೆತಂದಿದ್ದೀರಲ್ಲ.

ಮೈಗಂಟುವ ದಪ್ಪ ರಬ್ಬರಿನ ವೆಟ್‌ಸೂಟ್, ತಲೆಗೆ ಹೆಲ್ಮೆಟ್, ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್. ಇಲ್ಲಿ ಈಗ ಬೇಸಿಗೆ. ಆದರೂ ಬಿಸಿಲು ಕಾಣದ ಕೊರಕಲಿನ ನೀರು ಮೂಳೆ ಕೊರೆಯುತ್ತದೆ. ವೆಟ್‌ಸೂಟಿನೊಳಗೆ ನುಗ್ಗುವ ತೆಳುವಾದ ನೀರಿನ ಪದರ ಮೈಬಿಸಿಗೆ ಬೆಚ್ಚಗಾಗಿ ನಮ್ಮನ್ನು ಕಾಯುತ್ತದಂತೆ. ನಡುಗಲು ಶುರುವಾದವರು ಸುಮ್ಮನಿರದೆ ತಕ್ಷಣ ಹೇಳಬೇಕು. ಚಳಿ ಏರಿದರೆ ಮೊದಲು ಕೈ ಕೆಲಸ ನಿಲ್ಲಿಸುತ್ತದೆ, ಆಮೇಲೆ ಬುದ್ಧಿ.

ಮೆಟ್ಟಿಲಿಳಿದು ಹಳ್ಳ ಸೇರಿದೆವು. ಮೊದಲು ಸಿಕ್ಕಿದ್ದು ಸಣ್ಣ ಜಿಗಿತಗಳು. ಪ್ರತಿ ಮಡುವಿಗೂ ಗೈಡ್ ಮೊದಲು ತಾನೇ ಇಳಿದು, ಕಾಲಿನಿಂದ ತಡಕಿ ಆಳ ನೋಡುತ್ತಿದ್ದಳು. ಹೋದ ವಾರ ಆಳವಿದ್ದಲ್ಲಿ ಈ ವಾರ ಮರಳು ತುಂಬಿರಬಹುದು, ಮರದ ದಿಮ್ಮಿ ಬಂದು ಕೂತಿರಬಹುದು. ತಲೆ ಮುಂದಾಗಿ ಯಾರೂ ಧುಮುಕುವಂತಿಲ್ಲ. ಕಾಲು ಜೋಡಿಸಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ಹಾರಬೇಕು. ಬೇಡವೆಂದರೆ ಪಕ್ಕದಲ್ಲಿ ಜಾರಲೂ ಬಹುದು, ಹಗ್ಗದಲ್ಲೂ ಇಳಿಯಬಹುದು. ನಾನು ಒಂದು ಕಡೆ ಬೇಡವೆಂದೆ. ‘ಸರಿ’ ಎಂದಳು, ಅಷ್ಟೇ. ಯಾರೂ ಹುರಿದುಂಬಿಸಲಿಲ್ಲ, ಯಾರೂ ನಗಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಒಳಗೆ ಹೋದಂತೆ ಗೋಡೆಗಳು ಹತ್ತಿರವಾದವು. ಮೇಲೆ ಆಕಾಶ ಒಂದು ಸಣ್ಣ ಪಟ್ಟಿ. ನೀರು ತಿರುಗಿ ತಿರುಗಿ ಕಲ್ಲನ್ನು ಬಾಣಲೆಯ ಒಳಮೈಯಷ್ಟು ನುಣುಪಾಗಿ ತೀಡಿದೆ. ಹಳದಿ, ಕಾವಿ, ಬೂದಿ ಬಣ್ಣದ ಗೆರೆಗಳು ಒಂದರ ಮೇಲೊಂದು. ಬಿಸಿಲಿನ ಒಂದು ಕೋಲು ನೀರಿಗೆ ಬಿದ್ದರೆ ಅದರ ಬೆಳಕು ಗೋಡೆಯ ಮೇಲೆಲ್ಲ ಅಲುಗುತ್ತದೆ. ಗೋಡೆಯಿಂದ ಜರಿಗಿಡಗಳು ಹನಿ ತೊಟ್ಟಿಕ್ಕಿಸುತ್ತಿದ್ದವು. ಮೊಣಕಾಲುದ್ದದ ನೀರಿನಲ್ಲಿ ಗೈಡ್ ಎಲ್ಲರನ್ನೂ ನಿಲ್ಲಿಸಿ ಬೆರಳು ತೋರಿಸಿದಳು. ಕಲ್ಲಿನ ಸಂದಿಯಲ್ಲಿ ಒಂದು ದೊಡ್ಡ ಸಿಗಡಿಯಂಥ ಪ್ರಾಣಿ; ಮೈಯೆಲ್ಲ ಮುಳ್ಳು, ಏಡಿಯದರಂಥ ಎರಡು ಕೊಂಡಿ. ನಾವು ಬಗ್ಗಿದರೆ ಓಡದೆ, ಕೊಂಡಿಗಳನ್ನು ಅಗಲಿಸಿ ನಮ್ಮನ್ನೇ ಎದುರಿಸಿ ನಿಂತಿತು. ಅದು ಈ ಬೆಟ್ಟದ ಹಳ್ಳಗಳ ನಿವಾಸಿ. ಅದನ್ನು ಮುಟ್ಟದೆ, ಅದರ ಕಲ್ಲನ್ನು ತುಳಿಯದೆ ಪಕ್ಕದಿಂದ ದಾಟಿದೆವು. ಅಮ್ಮಾ, ಅಲ್ಲಿ ನಿಂತಿದ್ದಾಗ ನೀನೂ ಇದನ್ನು ನೋಡಬೇಕಿತ್ತು ಎನ್ನಿಸಿತು, ನಿಜವಾಗಿ.

ಇನ್ನು ನೀನು ನೋಡಿದ ಫೋಟೋದ ಜಾಗ. ಕೊನೆಯಲ್ಲಿ ಕೊರಕಲು ಒಮ್ಮೆಲೇ ಮುಗಿದು, ನೀರು ಸುಮಾರು 30 ಮೀಟರ್ ಕೆಳಗೆ ಬೀಳುತ್ತದೆ. ಅದೇ ಎಂಪ್ರೆಸ್ ಫಾಲ್ಸ್. ಕೆಳಗೆ ನಡೆದು ಬಂದ ಪ್ರವಾಸಿಗರು ನಿಂತು ನೋಡುತ್ತಿದ್ದರು. ಅಂಚಿಗೆ ಹೋಗುವ ಮೊದಲೇ ನಮ್ಮನ್ನು ಒಂದು ಸುರಕ್ಷತಾ ಹಗ್ಗಕ್ಕೆ ಸಿಕ್ಕಿಸಿದ್ದರು. ಬಂಡೆಗೆ ಕೊರೆದು ಕೂರಿಸಿದ ಉಕ್ಕಿನ ಕೊಂಡಿಗಳಿಗೆ ಹಗ್ಗ ಕಟ್ಟಿತ್ತು. ಆ ಹಗ್ಗವನ್ನು ನನ್ನ ಹಾರ್ನೆಸ್ಸಿನ ಒಂದು ಲೋಹದ ಸಾಧನದಲ್ಲಿ ಸುತ್ತಿ ಹಾಯಿಸಿದರು. ಅದರ ತಿಕ್ಕಾಟದಿಂದಲೇ ವೇಗ ಹಿಡಿತದಲ್ಲಿರುತ್ತದೆ. ಗೈಡ್ ನನ್ನ ಬಕಲ್‌ಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಕ್ಯಾರಬಿನರ್ ಎಂಬ ಕೊಂಡಿಯ ಬೀಗ ತಿರುಗಿದೆಯೇ ಎಂದು ಮೊದಲು ಹಿಸುಕಿ, ಆಮೇಲೆ ನನ್ನ ಕೈಯಿಂದಲೂ ಹಿಸುಕಿಸಿದಳು. ಬೀಗ ಬಿದ್ದಿದೆಯೆಂದು ನನ್ನಿಂದ ಬಾಯಿಬಿಟ್ಟು ಹೇಳಿಸಿದಳು. ಜಲಪಾತದ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ, ಆದ್ದರಿಂದ ಸೀಟಿ: ಒಂದು ಊದಿದರೆ ನಿಲ್ಲಬೇಕು, ನಾಲ್ಕು ಊದಿದರೆ ಹಗ್ಗ ಬಿಡುವಾಯಿತೆಂದು ಅರ್ಥ.

ಕಷ್ಟವಾದದ್ದು ಮೊದಲ ಹೆಜ್ಜೆ. ಕೆಳಗೆ ಏನೂ ಇಲ್ಲದ ಕಡೆಗೆ ಬೆನ್ನು ಮಾಡಿ, ಕುರ್ಚಿಯಲ್ಲಿ ಕೂರುವಂತೆ ಹಿಂದಕ್ಕೆ ವಾಲಬೇಕು. ಬಂಡೆಗೆ ಅಂಟಿಕೊಂಡು ನಿಂತರೆ ಕಾಲು ಜಾರುತ್ತದೆ, ವಾಲಿದರೆ ಪಾದ ಬಂಡೆಗೆ ಗಟ್ಟಿಯಾಗಿ ಊರುತ್ತದೆ. ಅದು ತಲೆಗೆ ಗೊತ್ತು, ಮೈ ಒಪ್ಪುವುದಿಲ್ಲ. ನನ್ನ ತೊಡೆ ನಡುಗುತ್ತಿತ್ತು, ಬಾಯಿ ಒಣಗಿತ್ತು. ಆಗ ಕೆಳಗೆ ನೋಡಿದೆ. ಇನ್ನೊಬ್ಬ ಗೈಡ್ ಹಗ್ಗದ ತುದಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದ. ಇಳಿಯುವವರ ಕೈ ತಪ್ಪಿದರೆ ಕೆಳಗಿನವನು ಹಗ್ಗ ಜಗ್ಗುತ್ತಾನೆ, ಅವರು ಅಲ್ಲೇ ನಿಲ್ಲುತ್ತಾರೆ. ಕೊನೆಗಾರ ಮರದ ತುದಿಯಿಂದ ಹಗ್ಗದ ಮೇಲೆ ಅಡಿಕೆ ಗೊನೆ ಬಿಡುವಾಗ, ಕೆಳಗೆ ನೀವು ಕಣ್ಣು ಕದಲಿಸದೆ ಹಗ್ಗ ಬಿಗಿಹಿಡಿದು ನಿಲ್ಲುತ್ತಿದ್ದಿರಲ್ಲ, ಥೇಟ್ ಹಾಗೆಯೇ ನಿಂತಿದ್ದ. ನಾನು ವಾಲಿದೆ. ನಾಲ್ಕಾರು ಹೆಜ್ಜೆಯ ನಂತರ ನೀರು ಹೆಗಲಿಗೆ ಬಿತ್ತು, ಉಸಿರು ಕಟ್ಟಿತು, ಮತ್ತೆ ಬಂತು. ಎಡಗೈ ಬಂಡೆಯ ಕಡೆಗೆ, ಬಲಗೈ ಹಗ್ಗದ ಮೇಲೆ. ಆ ಬಲಗೈಯನ್ನು ಕೆಳಗಿನ ಮಡುವಿಗೆ ಬೀಳುವ ತನಕ ಸಡಿಲಿಸಲಿಲ್ಲ.

ಅಮ್ಮ, ಅಪಾಯವೇ ಇಲ್ಲ ಎಂದು ನಿನಗೆ ಸಮಾಧಾನ ಹೇಳುವುದಿಲ್ಲ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಸಾಕ್ಸೆಟೆನ್ ಹಳ್ಳದಲ್ಲಿ, ಮೇಲೆ ಗುಡುಗುಮಳೆಯಾಗಿ ಒಮ್ಮೆಲೇ ನುಗ್ಗಿದ ನೀರು ಹೀಗೆಯೇ ಕೊರಕಲಿಗೆ ಇಳಿದಿದ್ದ 21 ಜನರನ್ನು ಕೊಂದಿತು. ಅವರಲ್ಲಿ ಹೆಚ್ಚಿನವರು ಇಲ್ಲಿಯ, ಆಸ್ಟ್ರೇಲಿಯಾದ ಯುವಕ ಯುವತಿಯರು. ಸತ್ತವರಲ್ಲಿ ಮೂವರು ಗೈಡ್‌ಗಳೂ ಇದ್ದರು. ನ್ಯಾಯಾಲಯ ಹೊಣೆಗಾರರಿಗೆ ಶಿಕ್ಷೆ ವಿಧಿಸಿತು. ಇಂಥ ಸಾಹಸಗಳನ್ನು ನಡೆಸುವವರಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಆ ದೇಶದಲ್ಲಿ 2014ರಿಂದ ಜಾರಿಯಲ್ಲಿದೆ. ನಾವಿದ್ದಲ್ಲಿ ಹನಿ ಮಳೆಯಿಲ್ಲದಿದ್ದರೂ ಮೇಲಿನ ಮಳೆ ಕೊಲ್ಲಬಲ್ಲದು. ಕೊರಕಲಿನಲ್ಲಿ ಏರಿ ನಿಲ್ಲಲು ದಡವೇ ಇರುವುದಿಲ್ಲ.

ಇದನ್ನು ಬರೆಯುವಾಗ ತಮ್ಮನ ನೆನಪೇ ಬರುತ್ತಿದೆ. ಅವನು ಮಳೆಗಾಲದಲ್ಲಿ ಸ್ನೇಹಿತರ ಜೊತೆ ಬೈಕಿನಲ್ಲಿ ಅಬ್ಬಿ ನೋಡಲು ಹೋಗುತ್ತಾನೆ, ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾನೆ. ಹಗ್ಗವಿಲ್ಲ, ಹೆಲ್ಮೆಟ್ ಇಲ್ಲ, ಕೆಳಗೆ ಹಿಡಿಯುವವರಿಲ್ಲ. ನನ್ನ ಫೋಟೋ ನೋಡಿದರೆ ಭಯವಾಗುತ್ತದೆ, ಅವನದು ನೋಡಿದರೆ ಆಗುವುದಿಲ್ಲ. ಆದರೆ ಹೆಚ್ಚು ಅಪಾಯದಲ್ಲಿದ್ದವನು ಅವನೇ. ಈ ಭಾಗವನ್ನು ಅವನಿಗೆ ಓದಿ ಹೇಳಿ: ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಹಳ್ಳದ ಸದ್ದು ಬದಲಾದರೆ ಅರೆಗಳಿಗೆ ಯೋಚಿಸದೆ ಮೇಲೇರಬೇಕು. ಚಪ್ಪಲಿ, ಬಟ್ಟೆ, ಮೊಬೈಲ್ ಎಂದು ಹಿಂದಿರುಗಬಾರದು. ಆಳ ಗೊತ್ತಿಲ್ಲದ ಗುಂಡಿಗೆ ಹಾರಲೇಬಾರದು. ನೀವು ಹೇಳಿದರೆ ಕೇಳುತ್ತಾನೆ, ಅಪ್ಪಯ್ಯ.

ನನಗೆ ಮತ್ತೆ ಹೋಗುವ ಆಸೆಯಿದೆ. ಅದಕ್ಕೆ ಮುಂಚೆ ಇಲ್ಲಿಯ ಒಂದು ಕ್ಲಬ್ಬಿನಲ್ಲಿ ಗಂಟು ಹಾಕುವುದನ್ನೂ, ಹಗ್ಗದಲ್ಲಿ ಸಿಕ್ಕಿಬಿದ್ದವರನ್ನು ಇಳಿಸುವುದನ್ನೂ ಕಲಿಯಬೇಕೆಂದಿದ್ದೇನೆ. ತರಗತಿಗಳು ಮುಂದಿನ ತಿಂಗಳು ಶುರುವಾಗುತ್ತವೆ. ನೀವು ಓದಿ, ಬೈಯುವುದಿದ್ದರೆ ಬೈದು, ಒಪ್ಪಿಗೆಯಿದ್ದರೆ ಅದನ್ನೂ ಬರೆಯಿರಿ. ಅಮ್ಮ ತನ್ನ ಕೈಯಿಂದಲೇ ಎರಡು ಸಾಲು ಸೇರಿಸಬೇಕು, ಮಂಡಿಯ ವಿಷಯ ಸಹಿತ.

ಇಂತಿ ನಿಮ್ಮ ಪ್ರೀತಿಯ ಮಗಳು