ಮಂಡಿನೋವಿನ ಮಾತ್ರೆಗೆ ಮುನ್ನ

ಮಾನ್ಯ ಸಂಪಾದಕರೇ,

ಮಂಡಿನೋವೆಂದು ನನ್ನ ತಾಯಿ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತರಿಸಿಕೊಂಡು ತಿಂಗಳುಗಟ್ಟಲೆ ನುಂಗಿದರು. ವೈದ್ಯರ ಚೀಟಿ ಕೇಳಿದವರೇ ಇಲ್ಲ. ಮಲ ಡಾಂಬರಿನಂತೆ ಕಪ್ಪಾದ ಮೇಲಷ್ಟೇ ಜಠರದ ಹುಣ್ಣಿನಿಂದ ರಕ್ತ ಸೋರುತ್ತಿರುವುದು ತಿಳಿಯಿತು. ಕೊಳವೆ ಇಳಿಸಿ ಜಠರದೊಳಗೆ ನೋಡುವ ಎಂಡೋಸ್ಕೋಪಿಯಲ್ಲಿ, ಮಾತ್ರೆಯ ಜೊತೆಗೆ ಎರಡನೇ ಆರೋಪಿಯೂ ಸಿಕ್ಕಿಬಿದ್ದ: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ಪತ್ತೆ ಹಚ್ಚಿದ ಆಸ್ಟ್ರೇಲಿಯಾದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲೇ ನೊಬೆಲ್ ಬಂದಿದೆ. ನಾವು ಮಾತ್ರ ಹುಣ್ಣಿಗೆ ಇಂದಿಗೂ ಮೆಣಸಿನಕಾಯಿಯನ್ನೇ ದೂರುತ್ತಿದ್ದೇವೆ.

ಜಠರದ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ಇಂಥ ಮಾತ್ರೆ ತಗ್ಗಿಸುತ್ತದೆ. ಬ್ಯಾಕ್ಟೀರಿಯಾ ಅದೇ ಪದರದಲ್ಲಿ ಉರಿಯೂತ ಎಬ್ಬಿಸುತ್ತದೆ. ಒಂದೊಂದೂ ಹುಣ್ಣು ಮಾಡಬಲ್ಲದು, ಎರಡೂ ಕೂಡಿದರೆ ಅಪಾಯ ಇನ್ನೂ ಹೆಚ್ಚು. ಮಾತ್ರೆ ಆರಂಭಿಸುವ ಮುನ್ನವೇ ಸೋಂಕು ನಿವಾರಿಸಿದರೆ ಹುಣ್ಣಿನ ಸಾಧ್ಯತೆ ಇಳಿಯುತ್ತದೆಂದು ಹಾಂಗ್‌ಕಾಂಗ್‌ನ ವೈದ್ಯರು 1997ರಲ್ಲಿ ತೋರಿಸಿದ್ದರು. ಬಹುಕಾಲದಿಂದ ನುಂಗುತ್ತಿರುವವರಿಗೆ ಅಷ್ಟೇ ಸಾಲದು, ಆಮ್ಲ ತಗ್ಗಿಸುವ ಔಷಧವೂ ಬೇಕು.

ಸೋಂಕನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಪತ್ತೆ ಮಾಡಬಹುದು. ವಯಸ್ಸಾದವರಿಗೆ, ಹಿಂದೆ ಹುಣ್ಣಾಗಿದ್ದವರಿಗೆ ದೀರ್ಘಕಾಲದ ನೋವಿನ ಮಾತ್ರೆ ಬರೆಯುವ ಮುನ್ನ ವೈದ್ಯರು ಈ ಪರೀಕ್ಷೆ ಮಾಡಿಸಲಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಅದು ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಓದುಗ, ತಿಪಟೂರು